ಬಾಗಿಲ ಬಳಿ ನಿಲ್ಲಬೇಕಾದವರು

ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿ ನೆಲಮಂಗಲದತ್ತ ಹೊರಟರೆ ಮಾಕಳಿ ಸಿಗುತ್ತದೆ. ಹೆದ್ದಾರಿಯಲ್ಲಿ ಓಡಾಡುವವರಿಗೆ ಅದು ಹಿಮಾಲಯ ಕಂಪನಿಯ ಕಾರ್ಖಾನೆ ಇರುವ ಊರು, ನಾಲ್ಕಾರು ಹೋಟೆಲು, ಸಾಲಾಗಿ ನಿಂತ ಲಾರಿಗಳು, ಅಷ್ಟೆ. ನಾನು ಈ ಕಡೆ ಕೆಲಸಕ್ಕೆ ಬರತೊಡಗಿದಾಗ ರಸ್ತೆಯ ಹಿಂಬದಿಯಲ್ಲಿ ರಾಗಿ ಹೊಲಗಳೂ ನೀಲಗಿರಿ ತೋಪುಗಳೂ ಇನ್ನೂ ಇದ್ದವು. ಪೀಣ್ಯದಲ್ಲಿ ಜಾಗ ಸಾಲದೆ ಬಂದವರು, ಊರೊಳಗೆ ಬಾಡಿಗೆ ಕಟ್ಟಲಾಗದೆ ಬಂದವರು ಒಂದೊಂದಾಗಿ ತಗಡಿನ ಶೆಡ್ಡು ಎಬ್ಬಿಸಿದರು. ನೋಡನೋಡುತ್ತ ಮಾಕಳಿ, ದಾಸನಪುರ, ಅಡಕಮಾರನಹಳ್ಳಿ ಉದ್ದಕ್ಕೂ ಗೋದಾಮುಗಳೇ ಆದವು. ಅಕ್ಕಿ, ಬೇಳೆ, ಬಿಸ್ಕತ್ತು, ಪಶು ಆಹಾರ, ಟಿವಿ, ಫ್ರಿಜ್ಜು, ಮಕ್ಕಳ ಆಟಿಕೆ, ಬೆಂಗಳೂರು ಕೊಳ್ಳುವ ಎಲ್ಲವೂ ಒಂದು ರಾತ್ರಿಯಾದರೂ ಇಲ್ಲಿ ತಂಗಿ ಹೋಗುತ್ತದೆ.

ಸಾಮಾನು ತಂಗುವ ಕಡೆ ಹುಳುವೂ ತಂಗುತ್ತದೆ, ಇಲಿಯೂ ತಂಗುತ್ತದೆ. ಅವುಗಳನ್ನು ಕೊಲ್ಲುವುದು ನನ್ನ ಕಸುಬಾಗಿತ್ತು. ಪರವಾನಗಿ ಪಡೆದ ಪೆಸ್ಟ್ ಕಂಟ್ರೋಲ್ ಮ್ಯಾನೇಜರ್ ಅಂತ ನನ್ನ ಹುದ್ದೆಯ ಹೆಸರು. ಕಂಪನಿಯ ಗೋಡೆಗೆ ತೂಗುಹಾಕಿದ ಲೈಸೆನ್ಸಿನಲ್ಲಿ ಅರ್ಹ ವ್ಯಕ್ತಿ ಎಂದು ನನ್ನ ಹೆಸರಿತ್ತು. ಆ ಹೆಸರಿನ ಬಲದ ಮೇಲೆ ಕಂಪನಿ ವಿಷ ಕೊಳ್ಳುತ್ತಿತ್ತು, ಕೂಡಿಡುತ್ತಿತ್ತು, ಊರಿನವರ ಮನೆ ಮತ್ತು ಗೋದಾಮುಗಳೊಳಗೆ ತೆಗೆದುಕೊಂಡು ಹೋಗುತ್ತಿತ್ತು. ಕೆಲಸದಿಂದ ನಿವೃತ್ತನಾದ ಮೇಲೂ ನನ್ನನ್ನು ಬಿಡದ ಒಂದು ಮಾತನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ. ಲೈಸೆನ್ಸಿನಲ್ಲಿ ಹೆಸರಿರುವ ಮನುಷ್ಯ ವಿಷದ ಡಬ್ಬಿ ತೆರೆಯುವ ಹೊತ್ತಿಗೆ ಆ ಜಾಗದಲ್ಲಿ ಇರಬೇಕು. ಅವನ ಓದಿಗಾಗಿ ಮಾತ್ರ ಇದನ್ನು ಹೇಳುತ್ತಿಲ್ಲ. ಕೆಲಸ ನಿಲ್ಲಿಸಿ ಎಂದು ಹೇಳಿದರೆ ಅಲ್ಲಿ ನಡೆಯುವುದು ಅವನೊಬ್ಬನ ಮಾತು ಮಾತ್ರ.

ನಾನು ಓದಿದ್ದು ತುಮಕೂರಿನಲ್ಲಿ ಬಿ.ಎಸ್ಸಿ., ರಸಾಯನಶಾಸ್ತ್ರ. ಕೀಟನಾಶಕಗಳನ್ನು ಬಳಸಿ ವ್ಯಾಪಾರವಾಗಿ ಕೀಟ ನಿಯಂತ್ರಣ ಮಾಡುವವರಿಗೆ 1971ರ ಕೀಟನಾಶಕ ನಿಯಮಗಳು ಒಂದು ಅರ್ಹತೆ ಇಟ್ಟಿವೆ. ಕೃಷಿ ಪದವಿ ಇರಬೇಕು, ಇಲ್ಲವೇ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ ಇರಬೇಕು. ಅದರ ಮೇಲೆ ಮೈಸೂರಿನ ಸಿಎಫ್‌ಟಿಆರ್‌ಐ, ಹಾಪುರದ ಧಾನ್ಯ ಸಂಗ್ರಹಣಾ ಸಂಸ್ಥೆ, ಹೈದರಾಬಾದಿನ ಸಸ್ಯ ಸಂರಕ್ಷಣಾ ತರಬೇತಿ ಸಂಸ್ಥೆ, ಇಂಥ ಕಡೆ ಕನಿಷ್ಠ 15 ದಿನದ ತರಬೇತಿ ಆಗಿರಬೇಕು. ಕನ್ನಡಿಗನಾದ ನನಗೆ ಮೈಸೂರು ಹತ್ತಿರ. ಕಂಪನಿಯವರೇ ಕಳುಹಿಸಿದರು.

1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಸಂಸ್ಥೆ ಸಿಎಫ್‌ಟಿಆರ್‌ಐ. ಅಂಥ ಕಟ್ಟಡದ ಆವರಣದಲ್ಲಿ ಕೂತು ಅಕ್ಕಿಯ ಸೊಂಡಿಲು ಹುಳು, ಹಿಟ್ಟಿನ ಕೆಂಪು ಜೀರುಂಡೆ, ಧಾನ್ಯ ಕೊರೆಯುವ ಹುಳು ಇವುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ನಮಗೆ ಪಾಠ ಹೇಳಿದವರು ವಿಷದ ಬಗ್ಗೆ ಹೇಳುವ ಮೊದಲು ಹುಳುವಿನ ಬಾಳನ್ನು ಹೇಳಿಕೊಟ್ಟರು. ಓಡಾಡುವ ಹುಳು ಬೇಗ ಸಾಯುತ್ತದೆ, ಮೊಟ್ಟೆಯೂ ಕೋಶದೊಳಗಿನ ಹುಳುವೂ ಬೇಗ ಸಾಯುವುದಿಲ್ಲ. ಗ್ಯಾಸು ಸಾಕಷ್ಟು ದಿನ ನಿಲ್ಲದಿದ್ದರೆ ದೊಡ್ಡವು ಸತ್ತು ಚಿಕ್ಕವು ಉಳಿಯುತ್ತವೆ. ಉಳಿದ ಹುಳುವಿನ ಸಂತಾನ ಮುಂದಿನ ಸಲ ಅದೇ ಗ್ಯಾಸಿಗೆ ಬಗ್ಗುವುದಿಲ್ಲ. ನಮ್ಮ ದೇಶದ ಗೋದಾಮುಗಳಲ್ಲಿ ಫಾಸ್ಫೀನ್ ಅನಿಲಕ್ಕೆ ಜಗ್ಗದ ಹುಳುಗಳು ಹುಟ್ಟಿಕೊಂಡದ್ದಕ್ಕೆ ಸರಿಯಾಗಿ ಮುಚ್ಚದೆ, ದಿನ ತುಂಬುವ ಮೊದಲೇ ತೆರೆದು ಮಾಡಿದ ಅರೆಬರೆ ಕೆಲಸವೇ ದೊಡ್ಡ ಕಾರಣ. ಅವಸರಕ್ಕೆ ಬೆಲೆ ತೆರುವವರು ಬಾಗಿಲು ತೆಗೆಸಿದವರೊಬ್ಬರೇ ಅಲ್ಲ ಎಂಬುದು ಆ ತರಗತಿಯಲ್ಲೇ ನನಗೆ ಮನದಟ್ಟಾಯಿತು.

ಗೋದಾಮಿಗೆ ಗ್ಯಾಸ್ ಹಾಕುವುದೆಂದರೆ ಏನು ಅಂತ ಕೆಲಸ ನೋಡದವರಿಗೆ ಹೇಳಬೇಕು. ಮರದ ಪ್ಯಾಲೆಟ್ಟುಗಳ ಮೇಲೆ ಪೇರಿಸಿದ ಚೀಲಗಳ ಒಟ್ಟಿಲಿಗೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಕುತ್ತೇವೆ. ಹೊದಿಕೆಯ ಅಂಚು ನೆಲಕ್ಕೆ ಕಚ್ಚಿಕೊಂಡಿರಲೆಂದು ಮರಳು ತುಂಬಿದ ಉದ್ದನೆಯ ಬಟ್ಟೆ ಚೀಲಗಳನ್ನು ಸುತ್ತಲೂ ಒತ್ತಾಗಿ ಇಡುತ್ತೇವೆ. ಅದರೊಳಗೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಒಂದು ಮಾತ್ರೆ 3 ಗ್ರಾಂ ತೂಗುತ್ತದೆ, ಗಾಳಿಯ ತೇವ ತಗುಲಿದರೆ 1 ಗ್ರಾಂ ಫಾಸ್ಫೀನ್ ಬಿಡುತ್ತದೆ. ಟನ್ನಿಗೆ 3 ಮಾತ್ರೆಯ ಲೆಕ್ಕ, ಏಳು ದಿನ ಮುಚ್ಚಿಡಬೇಕು. ಮಾತ್ರೆ ಇಡುವವರು ಮೂಲೆಯಿಂದ ಶುರು ಮಾಡಿ ಬಾಗಿಲಿನ ಕಡೆಗೆ ಬರಬೇಕು. ಬಾಗಿಲ ಕಡೆಯಿಂದ ಒಳಗೆ ಹೋಗುತ್ತ ಇಟ್ಟರೆ, ತಾನು ಇಟ್ಟ ವಿಷದ ನಡುವೆಯೇ ವಾಪಸು ನಡೆದು ಬರಬೇಕಾಗುತ್ತದೆ.

ಫಾಸ್ಫೀನಿಗೆ ಮದ್ದಿಲ್ಲ. ಕೀಟನಾಶಕಗಳಲ್ಲಿ ಕೆಲವಕ್ಕೆ ಅಟ್ರೋಪಿನ್ ಚುಚ್ಚುಮದ್ದಿನಂಥ ಪ್ರತಿವಿಷ ಇದೆ, ಇದಕ್ಕೆ ಇಲ್ಲ. ಕೆಲಸದ ಜಾಗದಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 0.3 ಭಾಗ, ಅಂದರೆ 0.3 ಪಿಪಿಎಂ, ಅದೇ ಮಿತಿ. 50 ಭಾಗವಾದರೆ ಪ್ರಾಣಕ್ಕೆ ಕುತ್ತು. ಬೆಳ್ಳುಳ್ಳಿಯ ಹಾಗೆ, ಕೊಳೆತ ಮೀನಿನ ಹಾಗೆ ವಾಸನೆ ಬರುತ್ತದೆ ಅನ್ನುತ್ತಾರೆ, ಆದರೆ ಮೂಗನ್ನು ನಂಬಿ ಕೆಲಸ ಮಾಡುವಂತಿಲ್ಲ. ಮಾತ್ರೆಯ ಮೇಲೆ ನೀರು ಬಿದ್ದರೆ ಅನಿಲ ಒಮ್ಮೆಲೇ ಉಕ್ಕುತ್ತದೆ. ಗಾಳಿಯಲ್ಲಿ ಶೇಕಡಾ 1.8 ದಾಟಿತೆಂದರೆ ಬೆಂಕಿಯೇ ಹತ್ತಬಹುದು. ಮಳೆಗಾಲದಲ್ಲಿ ಸೋರುವ ತಗಡಿನ ಶೆಡ್ಡುಗಳಲ್ಲಿ ನಾನು ಮೊದಲು ಮಾಡುತ್ತಿದ್ದ ಕೆಲಸ ತಲೆ ಎತ್ತಿ ಮಾಡು ನೋಡುವುದು. ಹಗಲು ಹೊತ್ತು ದೀಪ ಆರಿಸಿ ನಿಂತರೆ ತಗಡಿನ ತೂತುಗಳಿಂದ ಬೆಳಕಿನ ಕೋಲುಗಳು ಇಳಿಯುತ್ತವೆ. ಬೆಳಕು ಇಳಿಯುವಲ್ಲಿ ಮಳೆಯೂ ಇಳಿಯುತ್ತದೆ. ಅಲ್ಲಿ ಮಾತ್ರೆ ಇಡಬಾರದು.

ಹೀಗಿರುವುದರಿಂದಲೇ ಸರ್ಕಾರ ಈ ಮಾತ್ರೆಯನ್ನು ನಿರ್ಬಂಧಿತ ಕೀಟನಾಶಕಗಳ ಪಟ್ಟಿಗೆ ಸೇರಿಸಿದೆ. ಸರ್ಕಾರಿ ಸಂಸ್ಥೆಗಳು ಅಥವಾ ಪೆಸ್ಟ್ ಕಂಟ್ರೋಲ್ ಆಪರೇಟರುಗಳು ಮಾತ್ರ ಇದನ್ನು ಬಳಸಬೇಕು. ಅದೂ ಸರ್ಕಾರಿ ತಜ್ಞರ, ಇಲ್ಲವೇ ಭಾರತ ಸರ್ಕಾರದ ಸಸ್ಯ ಸಂರಕ್ಷಣಾ ಸಲಹೆಗಾರರು ಒಪ್ಪಿದ ತಜ್ಞರ ಕಟ್ಟುನಿಟ್ಟಾದ ಮೇಲ್ವಿಚಾರಣೆಯಲ್ಲಿ. ಮೀಥೈಲ್ ಬ್ರೋಮೈಡ್ ಎಂಬ ಇನ್ನೊಂದು ಅನಿಲಕ್ಕೂ ಇದೇ ಷರತ್ತು. ಆ ಒಂದು ವಾಕ್ಯದ ಮೇಲೆ ಎಷ್ಟೋ ಜೀವಗಳು ನಿಂತಿವೆ. ಅದನ್ನು ಕಾಗದದಲ್ಲಿ ಓದುವುದಕ್ಕೂ ಮಾಕಳಿಯ ಗೋದಾಮಿನ ಬಾಗಿಲಲ್ಲಿ ನಿಂತು ಪಾಲಿಸುವುದಕ್ಕೂ ಇರುವ ದೂರವನ್ನು ನಾನು ಬಲ್ಲೆ.

ಒಂದು ಬೇಳೆ ಗೋದಾಮಿನ ಕೆಲಸ ನೆನಪಾಗುತ್ತದೆ. ಆಫೀಸಿಗೆ ಬಂದ ನಕ್ಷೆಯಲ್ಲಿ ಎಲ್ಲ ಸರಿಯಾಗಿತ್ತು. ಇಷ್ಟು ಉದ್ದ, ಇಷ್ಟು ಅಗಲ, ಎರಡು ಶಟರು, ಅಕ್ಕಪಕ್ಕ ಖಾಲಿ ಜಾಗ. ಹುಡುಗರು ಹೊದಿಕೆ ಹಾಸುತ್ತಿರುವಾಗ ನಾನು ಎಂದಿನಂತೆ ಶೆಡ್ಡನ್ನು ಹೊರಗಿನಿಂದ ಸುತ್ತಿದೆ. ಹಿಂಭಾಗದ ಗೋಡೆಗೆ ಒರಗಿಸಿ ಹಾಲೋಬ್ಲಾಕಿನಲ್ಲಿ ಕಟ್ಟಿದ ಒಂದು ಕೋಣೆ. ಬಾಗಿಲಿಗೆ ಹಳೇ ಸೀರೆಯ ಪರದೆ. ಒಳಗೆ ಒಲೆ, ಒಂದು ಕಬ್ಬಿಣದ ಮಂಚ, ತೊಟ್ಟಿಲಿನಲ್ಲಿ ಮಗು. ಕೋಣೆಯ ಮಾಡು ಗೋದಾಮಿನ ಗೋಡೆಯನ್ನು ಸೇರುವಲ್ಲಿ ಗಾಳಿ ಆಡಲೆಂದು ಒಂದು ಸಾಲು ಇಟ್ಟಿಗೆ ಬಿಟ್ಟಿದ್ದರು. ಆ ಸಂದಿಗೆ ಕೈ ಹಿಡಿದರೆ ಗೋದಾಮಿನ ಒಳಗಿನ ತಂಪು ಗಾಳಿ ಬೆರಳಿಗೆ ತಾಗುತ್ತಿತ್ತು.

ವಾಚ್‌ಮನ್ ರಾಯಚೂರು ಕಡೆಯವನು. "ನಾವು ಇಲ್ಲೇ ಮಲ್ಕೋತೀವ್ರೀ ಸಾಹೇಬ್ರ. ಗೋಡೌನ್ ಕೀಲಿ ನನ್ನ ಹತ್ರಾನ ಇರ್ತೈತ್ರೀ" ಅಂದ. ಗ್ಯಾಸ್ ಹಾಕುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಅದು ಒಳಗಿನ ಹುಳುವಿಗೆ, ತಮಗೇನಾಗುತ್ತದೆ ಎಂಬ ಎಣಿಕೆಯಲ್ಲಿದ್ದ. ಗೋದಾಮಿನ ಮ್ಯಾನೇಜರಿಗೂ ಆ ಕೋಣೆಯ ನೆನಪಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಕಟ್ಟಡದ ಭಾಗವೇ ಅಲ್ಲ. ನಾನು ಕೆಲಸ ನಿಲ್ಲಿಸಿದೆ. ಆ ಸಂಸಾರಕ್ಕೆ ಏಳು ದಿನದ ಮಟ್ಟಿಗೆ ಗೇಟಿನ ಆಚೆ ಬೇರೆ ವಸತಿ ಆಗುವವರೆಗೆ ಒಂದು ಮಾತ್ರೆಯೂ ಡಬ್ಬಿಯಿಂದ ಹೊರಬರುವುದಿಲ್ಲ ಎಂದೆ. ಸಂಜೆಯ ಹೊತ್ತಿಗೆ ವ್ಯವಸ್ಥೆಯಾಯಿತು. ಇಟ್ಟಿಗೆ ಸಂದಿಗೆ ಪ್ಲಾಸ್ಟಿಕ್ ಬಡಿದು ಸಿಮೆಂಟು ಮೆತ್ತಿದೆವು, ಅಪಾಯದ ತಲೆಬುರುಡೆ ಬೋರ್ಡನ್ನು ಆ ಕೋಣೆಯ ಬಾಗಿಲಿಗೂ ಕಟ್ಟಿದೆವು. ಮಾರನೇ ದಿನ ಬೆಳಿಗ್ಗೆ ಮಾತ್ರೆ ಇಟ್ಟೆವು.

ಈ ಪ್ರಸಂಗವನ್ನು ನಾನು ಯಾಕೆ ಹೇಳುತ್ತೇನೆಂದರೆ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಶೆಡ್ಡನ್ನು ಸುತ್ತಿ ಬರುವುದು ಕೆಲಸದ ಪಟ್ಟಿಯಲ್ಲೇ ಇದೆ. ನಮ್ಮ ಹುಡುಗರಲ್ಲಿ ಯಾರು ಸುತ್ತಿದ್ದರೂ ಆ ಕೋಣೆ, ಆ ತೊಟ್ಟಿಲು ಕಾಣುತ್ತಿತ್ತು. ಆದರೆ ಕಂಡದ್ದನ್ನು ಹಿಡಿದು "ಇವತ್ತು ಕೆಲಸ ಇಲ್ಲ" ಎನ್ನಲು ಅವರಿಂದ ಆಗುತ್ತಿರಲಿಲ್ಲ. ತಿಂಗಳ ಸಂಬಳಕ್ಕೆ ಕಾಯುವ ಇಪ್ಪತ್ತರ ಹರೆಯದ ಹುಡುಗ, ತನ್ನ ಕಂಪನಿಗೆ ವರ್ಷದ ಗುತ್ತಿಗೆ ಕೊಟ್ಟಿರುವ ದೊಡ್ಡ ಗೋದಾಮಿನ ಮ್ಯಾನೇಜರಿಗೆ ಎದುರು ನಿಂತು ಆಗೋದಿಲ್ಲ ಅನ್ನುವುದು ಹೇಗೆ? ಅವನು ಫೋನು ಮಾಡಿ ನನ್ನನ್ನು ಕೇಳಿದ್ದರೂ, ನಾನು ಜಯನಗರದ ಯಾವುದೋ ಮನೆಯಲ್ಲಿ ನಿಂತು ಆ ಇಟ್ಟಿಗೆ ಸಂದಿಯನ್ನು ಕಾಣುವುದು ಹೇಗೆ?

ಬಾಗಿಲು ಮುಚ್ಚುವುದಕ್ಕಿಂತ ತೆಗೆಯುವ ದಿನ ಹೆಚ್ಚು ಕಷ್ಟದ್ದು. ಹುಳು ಸತ್ತಿರುತ್ತದೆ, ಎಲ್ಲರಿಗೂ ಕೆಲಸ ಮುಗಿದ ಹಾಗೆ ಕಾಣುತ್ತದೆ. ಬೆಳಗಿನ ಜಾವವೇ ಲಾರಿಗಳು ಬಂದು ನಿಂತಿರುತ್ತವೆ. ಹೊತ್ತು ಏರಿದ ಮೇಲೆ ಊರೊಳಗೆ ಲಾರಿ ಬಿಡುವುದಿಲ್ಲ ಎಂದು ಡ್ರೈವರುಗಳು ಚಡಪಡಿಸುತ್ತಾರೆ. ಲೋಡಿಂಗ್‌ನವರು ಶಟರಿನ ಮುಂದೆ ಬೀಡಿ ಹಚ್ಚಿ ಕೂತಿರುತ್ತಾರೆ. "ಸಾರ್, ಲಾರಿ ನಿಂತೈತೆ, ಬಾಗ್ಲು ತೆಗೆಸಿ. ಹತ್ತು ನಿಮಿಷ ಗಾಳಿ ಆಡಿದ್ರೆ ಆಯ್ತಲ್ಲ" ಎಂಬ ಮಾತನ್ನು ನಾನು ಈ ರಸ್ತೆಯ ಗೋದಾಮುಗಳಲ್ಲಿ ಬೇರೆಬೇರೆ ದನಿಗಳಲ್ಲಿ ಕೇಳಿದ್ದೇನೆ. ಮೊದಲು ಬೀಡಿ ಆರಿಸಿ ದೂರ ಹೋಗಿ ಎನ್ನಬೇಕು. ಮುಖವಾಡ ಹಾಕಿದ ಇಬ್ಬರು ಮಾತ್ರ ಒಳಹೋಗಿ ಹೊದಿಕೆಯ ಮೂಲೆ ಎತ್ತಬೇಕು. ಫ್ಯಾನು ಹಾಕಿ, ಶಟರು ತೆರೆದು ಕಾಯಬೇಕು. ಆಮೇಲೆ ಅಳತೆಯ ಉಪಕರಣ ಹಿಡಿದು ಚೀಲಗಳ ಸಂದಿಯಲ್ಲಿ, ನೆಲದ ಮಟ್ಟದಲ್ಲಿ, ಮೂಲೆಗಳಲ್ಲಿ ನೋಡಬೇಕು. ಅಂಕಿ 0.3ಕ್ಕೆ ಇಳಿಯುವವರೆಗೆ ಹಮಾಲಿಗಳು ಒಳಗೆ ಕಾಲಿಡಬಾರದು.

ಆ ಹೊತ್ತಿನಲ್ಲಿ ನಾನು ಶಟರಿನ ಮುಂದೆಯೇ ನಿಲ್ಲುತ್ತಿದ್ದೆ. ಬೀಗದ ಕೈ ನನ್ನ ಜೇಬಿನಲ್ಲಿ. ಬಯ್ಗುಳ ನನಗೆ ಬೀಳಲಿ, ಹುಡುಗರಿಗೆ ಬೀಳುವುದು ಬೇಡ. ಲಾರಿ ಬಾಡಿಗೆಯ ನಷ್ಟದ ಲೆಕ್ಕವನ್ನು ಕೇಳಿಸಿಕೊಳ್ಳುವುದೂ ಮೇಲ್ವಿಚಾರಣೆಯ ಕೆಲಸದಲ್ಲಿ ಒಂದು. ಮೂಟೆ ಹೊರಲು ಮೊದಲು ಒಳನುಗ್ಗುವವನು ಹಮಾಲಿ. ಅವನ ಮುಖ ಚೀಲಕ್ಕೆ ಒತ್ತಿಕೊಂಡಿರುತ್ತದೆ, ಚೀಲದ ಒಳಗೆ ಉಳಿದ ಗ್ಯಾಸು ಮೊದಲು ಹೋಗುವುದು ಅವನ ಉಸಿರಿಗೆ. ಅವನ ಪರವಾಗಿ ಅಲ್ಲಿ ಮಾತಾಡುವವರು ಬೇರೆ ಯಾರೂ ಇರುವುದಿಲ್ಲ.

ಮಾಕಳಿಯ ಗೋದಾಮುಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ಮಾಡಿನ ಕೆಳಗೆ ತಗಡಿನ ಅಡ್ಡಗೋಡೆ ಹಾಕಿ ಇಬ್ಬರು ಮೂವರಿಗೆ ಬಾಡಿಗೆ ಕೊಡುತ್ತಾರೆ. ಈ ಕಡೆ ಬೇಳೆ, ಆ ಕಡೆ ಎಲೆಕ್ಟ್ರಾನಿಕ್ಸ್. ಫಾಸ್ಫೀನ್ ತಾಮ್ರವನ್ನು ತಿನ್ನುತ್ತದೆ. ಸ್ವಿಚ್‌ಬೋರ್ಡು, ಮೋಟಾರು, ಕಂಪ್ಯೂಟರಿನ ಒಳಭಾಗ ಎಲ್ಲವೂ ಕಪ್ಪಿಟ್ಟು ಕೆಡುತ್ತವೆ. ಪಕ್ಕದ ಬಾಡಿಗೆದಾರರಿಗೆ ಹೇಳದೆ ಗ್ಯಾಸ್ ಹಾಕಿದರೆ ಅವರ ಕೆಲಸದವರ ಜೀವಕ್ಕೂ ಅಪಾಯ, ಸಾಮಾನಿಗೂ ನಷ್ಟ. ಅಡ್ಡಗೋಡೆ ಮಾಡಿನವರೆಗೆ ಮುಟ್ಟಿದೆಯೇ, ಮಧ್ಯಕ್ಕೆ ನಿಂತಿದೆಯೇ ಎಂಬುದನ್ನು ಕೊಟೇಶನ್ನಿನಲ್ಲಿ ಯಾರೂ ಬರೆಯುವುದಿಲ್ಲ. ಏಣಿ ಹಾಕಿ ಹತ್ತಿ ನೋಡಬೇಕು. ಗೋಡೆ ಮೇಲಿನವರೆಗೆ ಇಲ್ಲದ ಕಡೆ ನಾವು ಗ್ಯಾಸಿನ ಬದಲು ಬೇರೆ ದಾರಿ ಹುಡುಕಿದ್ದೇವೆ, ಇಲ್ಲವೇ ಕೆಲಸವನ್ನೇ ಬಿಟ್ಟು ಬಂದಿದ್ದೇವೆ.

ಪೀಣ್ಯದ ಕೆಲಸ ಬೇರೆ ಥರದ್ದು. ಅಲ್ಲಿಂದ ಯಂತ್ರಗಳು, ಬಿಡಿಭಾಗಗಳು ಹೊರದೇಶಕ್ಕೆ ಹೋಗುವುದು ಮರದ ಪೆಟ್ಟಿಗೆಗಳಲ್ಲಿ. ಒಂದು ದೇಶದ ಮರ ಕೊರೆಯುವ ಹುಳು ಇನ್ನೊಂದು ದೇಶದ ಕಾಡಿಗೆ ಹೋಗಬಾರದೆಂದು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಮರವನ್ನು ಕಾಯಿಸಬೇಕು, ಇಲ್ಲವೇ ಮೀಥೈಲ್ ಬ್ರೋಮೈಡ್ ಹಾಕಬೇಕು, ಹಾಕಿ ಪೆಟ್ಟಿಗೆಯ ಮೇಲೆ ಮುದ್ರೆ ಒತ್ತಬೇಕು. 21 ಡಿಗ್ರಿಯ ಮೇಲಿನ ಸೆಕೆಯಲ್ಲಿ ಘನ ಮೀಟರಿಗೆ 48 ಗ್ರಾಂ, 24 ಗಂಟೆ. ಓಝೋನ್ ಪದರಕ್ಕೆ ಹಾನಿ ಮಾಡುತ್ತದೆಂದು ಮಾಂಟ್ರಿಯಲ್ ಒಪ್ಪಂದದಡಿ ಮೀಥೈಲ್ ಬ್ರೋಮೈಡನ್ನು ಉಳಿದೆಲ್ಲ ಕಡೆ ಕೈಬಿಡಲು ತೀರ್ಮಾನವಾಗಿದ್ದು, ಹುಳು ಗಡಿ ದಾಟದಂತೆ ತಡೆಯುವ ಇಂಥ ಬಳಕೆಗೆ ವಿನಾಯಿತಿ ಉಳಿದಿದೆ. ಬಣ್ಣವಿಲ್ಲದ, ಹೆಚ್ಚುಕಡಿಮೆ ವಾಸನೆಯೇ ಇಲ್ಲದ ಅನಿಲ ಅದು. ಕಣ್ಣುರಿದಾದರೂ ಎಚ್ಚರವಾಗಲೆಂದು ಸಾಮಾನ್ಯವಾಗಿ ಶೇಕಡಾ 2ರಷ್ಟು ಕ್ಲೋರೋಪಿಕ್ರಿನ್ ಬೆರೆಸಿರುತ್ತಾರೆ. ಈ ಕೆಲಸಕ್ಕೆ ಫರೀದಾಬಾದಿನ ಸಸ್ಯ ಸಂರಕ್ಷಣಾ ನಿರ್ದೇಶನಾಲಯದಿಂದ ಮಾನ್ಯತೆ ಬೇಕು. ಸಂಸ್ಥೆಗೆ ಬೇರೆ, ಸ್ಥಳದಲ್ಲಿ ಗ್ಯಾಸ್ ಬಿಡುವ ಆಪರೇಟರಿಗೆ ಬೇರೆ. ಪ್ರಮಾಣಪತ್ರಕ್ಕೆ ಸಹಿ ಮಾಡುವವರು ಆ ಆಪರೇಟರು.

ಆ ಸಹಿಯ ವಿಚಾರದಲ್ಲಿ ನಾನು ಒಂದು ಕೆಲಸ ಬಿಟ್ಟಿದ್ದೇನೆ. ಹೆಸರು ಬೇಡ. ಒಂದು ಶನಿವಾರ ಆಫೀಸಿನಲ್ಲಿ ಖಾಲಿ ಫಾರಂಗಳ ಒಂದು ಕಟ್ಟು ನನ್ನ ಮೇಜಿಗೆ ಬಂತು. "ಸಹಿ ಮಾಡಿಟ್ಟುಬಿಡಿ ಸಾರ್, ಕಂಟೇನರ್ ರೆಡಿ ಆದಾಗ ಹುಡುಗರು ತುಂಬಿಕೊಳ್ತಾರೆ. ನೀವು ಪ್ರತಿ ಸಲ ಪೀಣ್ಯಕ್ಕೆ ಓಡೋದು ಯಾಕೆ" ಅಂದರು. ಹೇಳಿದವರು ನನ್ನ ಅನುಕೂಲಕ್ಕೇ ಹೇಳಿದ ಹಾಗಿತ್ತು. ಗ್ಯಾಸಿನ ಅಳತೆ, ಬಿಟ್ಟ ಹೊತ್ತು, ತೆಗೆದ ಹೊತ್ತು, ಕೊನೆಯ ಅಂಕಿ, ಒಂದೂ ತುಂಬಿರಲಿಲ್ಲ. ಸಹಿಯ ಜಾಗ ಮಾತ್ರ ನನಗಾಗಿ ಕಾಯುತ್ತಿತ್ತು. ಫಾರಂಗಳನ್ನು ಹಾಗೇ ವಾಪಸು ಕೊಟ್ಟೆ. ಆ ತಿಂಗಳು ಮುಗಿಯುವಷ್ಟರಲ್ಲಿ ಬೇರೆ ಕಂಪನಿ ಸೇರಿದೆ. ಮನೆಯಲ್ಲಿ ಸ್ವಲ್ಪ ದಿನ ಕಷ್ಟವಾಯಿತು. ಆದರೆ ಯಾವುದೋ ಬಂದರಿನಲ್ಲಿ ಆ ಕಂಟೇನರಿನ ಬಾಗಿಲು ತೆಗೆಯುವವನೂ ಒಬ್ಬ ಕೂಲಿಯೇ. ಒಳಗೆ ಗ್ಯಾಸು 5 ಪಿಪಿಎಂಗೆ ಇಳಿದಿದೆ ಎಂದು ನನ್ನ ಸಹಿ ನೋಡಿ ನಂಬುತ್ತಾನೆ. ನೋಡದೆ ಇರುವುದನ್ನು ನೋಡಿದ್ದೇನೆ ಎಂದು ಅವನಿಗೆ ನಾನು ಹೇಳಲಾರೆ.

ಗೋದಾಮು ಕಟ್ಟುವಾಗಲೇ ನಮ್ಮ ಕೆಲಸ ಶುರುವಾಗುತ್ತದೆ. ಅಡಿಪಾಯ ತೆಗೆದ ಮೇಲೆ ಗೆದ್ದಲಿನ ಔಷಧಿ ಹಾಕಬೇಕು. ಅದಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕವೇ ಇದೆ. ಶೇಕಡಾ 1ರ ಕ್ಲೋರ್‌ಪೈರಿಫಾಸ್ ದ್ರಾವಣ, ಗುಂಡಿಯ ತಳಕ್ಕೆ ಚದರ ಮೀಟರಿಗೆ 5 ಲೀಟರು, ಪಾಯದ ಪಕ್ಕಕ್ಕೆ ಮಣ್ಣು ತುಂಬುವಾಗ 7.5 ಲೀಟರು. ನೀರಿಗೆ ಬೆರೆಸಿದೊಡನೆ ಆ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ. ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಅದೇ ಗುಂಡಿಗಳ ಸುತ್ತ ಆಡುತ್ತಿರುತ್ತವೆ. ಕಾಂಕ್ರೀಟ್ ಲಾರಿ ಬರುವ ಮೊದಲು ಮುಗಿಸಿ ಎಂದು ಇಂಜಿನಿಯರ್ ಅವಸರ ಮಾಡುತ್ತಾರೆ. ಡ್ರಮ್ಮಿಗೆ ಎಷ್ಟು ಔಷಧಿ ಬಿತ್ತು, ಎಷ್ಟು ನೀರು ಬಿತ್ತು ಎಂಬುದು ಕಣ್ಣೆದುರು ನೋಡಿದವರಿಗಷ್ಟೇ ಗೊತ್ತು. ಮಣ್ಣು ಮುಚ್ಚಿದ ಮೇಲೆ ಯಾರೂ ಅಗೆದು ನೋಡುವುದಿಲ್ಲ.

ನನಗೆ ಹೆಚ್ಚು ಆತಂಕವಾಗುತ್ತಿದ್ದುದು ಖಾಲಿ ಕ್ಯಾನುಗಳ ವಿಷಯದಲ್ಲಿ. ಗಟ್ಟಿಮುಟ್ಟಾದ ಹಿಡಿಕೆಯ ಕ್ಯಾನು, ಬಿಗಿಯಾದ ಮುಚ್ಚಳ. ಶೆಡ್ಡಿನ ಹೆಣ್ಣುಮಕ್ಕಳು ಬಂದು "ಅಣ್ಣಾ, ಒಂದು ಕೊಡಣ್ಣ, ನೀರಿಗೆ ಇಟ್ಕೊಳ್ತೀವಿ, ಚೆನ್ನಾಗಿ ತೊಳ್ಕೊಳ್ತೀವಿ" ಎಂದು ಕೇಳುತ್ತಿದ್ದರು. ದೂರದ ಬೋರ್‌ವೆಲ್ಲಿನಿಂದ ನೀರು ಹೊರುವವರು ಕೇಳುವುದರಲ್ಲಿ ತಪ್ಪೇನಿದೆ? ಬಳಸಿದ ಡಬ್ಬಿಗಳನ್ನು ಮತ್ತೆ ಬಳಕೆಗೆ ಬಾರದಂತೆ ಮಾಡಬೇಕೆಂದು ಕಾನೂನು ಹೇಳುತ್ತದೆ. ನಾನು ಹುಡುಗರ ಕೈಗೆ ಹಾರೆ ಕೊಟ್ಟು ಪ್ರತಿ ಕ್ಯಾನಿನ ತಳಕ್ಕೂ ಪಕ್ಕಕ್ಕೂ ತೂತು ಹೊಡೆಸುತ್ತಿದ್ದೆ, ಎಣಿಸಿ ಗಾಡಿಗೆ ಹಾಕಿಸುತ್ತಿದ್ದೆ. ಕೇಳಿದವರಿಗೆ ಕಾರಣ ಹೇಳುತ್ತಿದ್ದೆ, ಕೈಲಾದಾಗ ಪೇಟೆಯಿಂದ ಹೊಸ ಬಿಂದಿಗೆ ತರಿಸಿ ಕೊಟ್ಟದ್ದೂ ಇದೆ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತ ಸುದ್ದಿ ಬಂದಾಗ, ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೋಫಾಸ್ ಸೇರಿತ್ತೆಂದು ಓದಿದಾಗ, ಆ ಹುಡುಗರು ಫೋನು ಮಾಡಿದರು. ಹಾರೆಯ ಕೆಲಸ ಯಾಕೆಂದು ಮತ್ತೆ ವಿವರಿಸುವ ಅಗತ್ಯ ಬೀಳಲಿಲ್ಲ.

ನಮ್ಮ ಕಾನೂನು ಹುಟ್ಟಿದ್ದೇ ಇಂಥದೊಂದು ದುರಂತದಿಂದ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ತಗುಲಿದ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ವಿಚಾರಣಾ ಆಯೋಗ ಕೂತಿತು, ಹತ್ತು ವರ್ಷದ ಮೇಲೆ 1968ರ ಕೀಟನಾಶಕ ಕಾಯ್ದೆ ಬಂತು. ಕಾಯ್ದೆ ಇದ್ದರೆ ಸಾಕೆಂದು ನಂಬುವವರು ಕಾಸರಗೋಡಿನ ಪಡ್ರೆ ಎಂಬ ಹಳ್ಳಿಯನ್ನು ನೆನೆಯಬೇಕು. ವಿಮಾನದಿಂದ ಔಷಧಿ ಸಿಂಪಡಿಸುವುದಕ್ಕೂ ಕೀಟನಾಶಕ ನಿಯಮಗಳಲ್ಲಿ ಷರತ್ತುಗಳಿವೆ. ಜನರಿಗೆ 24 ಗಂಟೆ ಮೊದಲೇ ತಿಳಿಸಬೇಕು, ಒಪ್ಪಿದ ಎತ್ತರದಿಂದಲೇ ಸಿಂಪಡಿಸಬೇಕು, ಸಂಬಂಧವಿಲ್ಲದ ಜನ, ದನ ಆ ಜಾಗಕ್ಕೆ ಹೋಗದಂತೆ ನೋಡಿಕೊಳ್ಳಬೇಕು. ಅಷ್ಟಿದ್ದೂ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿಯಿತು, ತೋಟದ ನಡುವೆ ಮನೆಗಳಿದ್ದವು, ತೋಡುಗಳಿದ್ದವು, ನೀರಿನ ಸುರಂಗಗಳಿದ್ದವು. ಅಲ್ಲಿನ ಮಕ್ಕಳ ಸ್ಥಿತಿಯನ್ನು ಜಗತ್ತಿಗೆ ತೋರಿಸಲು ಊರಿನ ವೈದ್ಯ ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆಯವರಂಥವರು ವರ್ಷಗಟ್ಟಲೆ ಬರೆದು ಹೇಳಬೇಕಾಯಿತು. ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ವಿಮಾನ ಹಾರುವ ದಿನ ತೋಟದ ಬಾಗಿಲಲ್ಲಿ ನಿಂತು "ಇಲ್ಲಿ ಮನೆ ಇದೆ, ನಿಲ್ಲಿಸಿ" ಎನ್ನಬೇಕಾದವರು ಒಬ್ಬರು ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ಅಪಾಯ ಮನೆಯೊಳಗೇ ಬಂದಿದೆ. ಬೆಂಗಳೂರಿನ ವಸಂತನಗರದಲ್ಲಿ 2022ರಲ್ಲಿ, ಕೀಟನಾಶಕ ಹೊಡೆಸಿದ್ದ ಬಾಡಿಗೆ ಮನೆಗೆ ಊರಿನಿಂದ ಮರಳಿದ ಸಂಸಾರದಲ್ಲಿ ಎಂಟು ವರ್ಷದ ಹುಡುಗಿ ತೀರಿಕೊಂಡಳು. 2024ರ ನವೆಂಬರಿನಲ್ಲಿ ಚೆನ್ನೈ ಹತ್ತಿರದ ಕುಂದ್ರತ್ತೂರಿನಲ್ಲಿ ಪೆಸ್ಟ್ ಕಂಟ್ರೋಲಿನವರು ಮನೆಯಲ್ಲಿ ಇಲಿ ಪಾಷಾಣ ಇಟ್ಟು ಹೋದ ರಾತ್ರಿ, ಎಸಿ ಹಾಕಿ ಮಲಗಿದ್ದ ಸಂಸಾರದ ಇಬ್ಬರು ಮಕ್ಕಳು ಸತ್ತರು. ಈ ಸುದ್ದಿಗಳನ್ನು ಓದಿದಾಗ ನನಗೆ ಕೆಲವು ಪ್ರಶ್ನೆಗಳು ಏಳುತ್ತವೆ. ಆ ಮನೆಯಲ್ಲಿ ಯಾರು ಮಲಗುತ್ತಾರೆಂದು ಕೇಳಿದವರು ಯಾರು? ಎಷ್ಟು ಹೊತ್ತು ಹೊರಗಿರಬೇಕೆಂದು ಬರೆದುಕೊಟ್ಟವರು ಯಾರು? ಮರಳಿ ಒಳಗೆ ಬರಬಹುದೆಂದು ಹೇಳುವ ಅಧಿಕಾರ ಯಾರಿಗಿತ್ತು? ಗೋದಾಮಿನ ಗ್ಯಾಸಿಗೆ ತಜ್ಞರ ಮೇಲ್ವಿಚಾರಣೆಯ ಬಿಗಿ ಷರತ್ತಾದರೂ ಇದೆ. ಮನೆಗಳಿಗೆ ಹೊಡೆಯುವ ಔಷಧಿಗೆ ಅಷ್ಟು ಬಿಗಿ ಇಲ್ಲ. ಒಬ್ಬರ ಲೈಸೆನ್ಸಿನ ಮೇಲೆ ಹತ್ತಾರು ಸ್ಕೂಟರುಗಳು ಬೆಳಿಗ್ಗೆ ಊರೆಲ್ಲ ಹರಡಿಕೊಳ್ಳುತ್ತವೆ.

ಎಲ್ಲ ಕಡೆ ನಾನೇ ಇರಲು ಹೇಗೆ ಸಾಧ್ಯ ಎಂದು ಈ ಕಸುಬಿನ ಗೆಳೆಯರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಜಿರಲೆಗೆ ಜೆಲ್ ಹಚ್ಚುವಾಗ ಮ್ಯಾನೇಜರು ನಿಂತಿರಬೇಕೆಂದು ನಾನೂ ಹೇಳುವುದಿಲ್ಲ. ಪ್ರಾಣ ತೆಗೆಯುವ ವಿಷಕ್ಕೆ ಮೂರು ಘಳಿಗೆಗಳಿವೆ. ಡಬ್ಬಿ ತೆರೆಯುವ ಮೊದಲು ಜಾಗ ಸುತ್ತಿ ನೋಡುವುದು ಒಂದು, ವಿಷ ಬಿಡುವುದು ಒಂದು, ಜನರನ್ನು ಮರಳಿ ಒಳಗೆ ಬಿಡುವುದು ಒಂದು. ಈ ಮೂರರಲ್ಲೂ ಲೈಸೆನ್ಸಿನ ಹೆಸರಿನವರು, ಇಲ್ಲವೇ ಅವರಷ್ಟೇ ತರಬೇತಿಯೂ ಕೆಲಸ ನಿಲ್ಲಿಸುವ ಅಧಿಕಾರವೂ ಇರುವವರು ಸ್ಥಳದಲ್ಲಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆಗೆ ಗ್ಯಾಸ್ ಹಾಕುವಾಗ, ಗ್ಯಾಸ್ ಬಿಡುವ ಹೊತ್ತಿಗೂ ಮನೆಯನ್ನು ವಾಸಕ್ಕೆ ಬಿಟ್ಟುಕೊಡುವ ಹೊತ್ತಿಗೂ ಪರವಾನಗಿದಾರರು ಅಲ್ಲಿರಲೇಬೇಕೆಂದು ಕಾನೂನೇ ಹೇಳುತ್ತದೆ. ನಮ್ಮಲ್ಲೂ ಅದನ್ನು ಹೀಗೆ ಬಿಡಿಸಿ ಬರೆಯಬಹುದು. ಒಬ್ಬ ಅರ್ಹರ ಹೆಸರಿನಲ್ಲಿ ಇಷ್ಟೇ ತಂಡ ಎಂಬ ಮಿತಿ ಹಾಕಬಹುದು. ಸ್ವಲ್ಪ ಖರ್ಚು ಹೆಚ್ಚುತ್ತದೆ. ಹೆಚ್ಚಲಿ. ಕಂಪನಿಗಳು ಅಗ್ಗಕ್ಕೆ ಕೆಲಸ ಒಪ್ಪಿಕೊಂಡು ಉಳಿಸುವುದು ಈ ಮೂರು ಘಳಿಗೆಯ ಸಂಬಳವನ್ನೇ.

ನನ್ನ ಜೊತೆ ಮರಳು ಚೀಲ ಹೊತ್ತ ಹುಡುಗರಲ್ಲಿ ಒಬ್ಬ ಆಮೇಲೆ ಸಂಜೆ ಕಾಲೇಜಿನಲ್ಲಿ ಓದಿ, ಪದವಿ ಮುಗಿಸಿ, ಮೈಸೂರಿನ ತರಬೇತಿ ಪಡೆದು ತನ್ನ ಹೆಸರಿನಲ್ಲೇ ಲೈಸೆನ್ಸು ಮಾಡಿಸಿಕೊಂಡ. ಹೋದ ಮಳೆಗಾಲದಲ್ಲಿ ದಾಸನಪುರದ ಕಡೆ ಮಾಡು ಸೋರುತ್ತಿದ್ದ ಶೆಡ್ಡೊಂದರ ಕೆಲಸವನ್ನು ಬೇಡವೆಂದು ಬಿಟ್ಟು ಬಂದೆ ಎಂದ. ಗಿರಾಕಿ ಕೈತಪ್ಪಿತು ಸಾರ್, ಬೇಜಾರಿಲ್ಲ ಅಂದ. ಅವನು ಬಾಗಿಲಲ್ಲಿ ನಿಂತು ಹಾಗೆ ಹೇಳಬಲ್ಲವನಾದ ಎಂಬುದು ನನ್ನ ಇಷ್ಟು ವರ್ಷದ ದುಡಿಮೆಯಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟ ಸಂಗತಿ.

ಓದುವವರಿಗೂ ಒಂದು ಮಾತು. ನಿಮ್ಮ ಮನೆಗೋ ಅಂಗಡಿಗೋ ಔಷಧಿ ಹೊಡೆಯಲು ಬಂದವರನ್ನು ನಿಲ್ಲಿಸಿ ಕೇಳಿ. ಲೈಸೆನ್ಸು ಯಾರ ಹೆಸರಿನಲ್ಲಿದೆ? ಅವರು ಇವತ್ತು ಎಲ್ಲಿದ್ದಾರೆ? ಇದು ಯಾವ ಔಷಧಿ, ಡಬ್ಬಿಯ ಮೇಲಿನ ತ್ರಿಕೋನ ಕೆಂಪೋ, ಹಳದಿಯೋ, ನೀಲಿಯೋ, ಹಸಿರೋ? ಕೆಂಪು ಅತಿ ಹೆಚ್ಚು ವಿಷದ್ದು, ಹಸಿರು ಎಲ್ಲಕ್ಕಿಂತ ಕಡಿಮೆಯದು. ನಾವು ಎಷ್ಟು ಹೊತ್ತು ಹೊರಗಿರಬೇಕು, ಅದನ್ನು ಬರೆದು ಕೊಡುತ್ತೀರಾ? ಪಕ್ಕದ ಮನೆಯವರಿಗೆ ಹೇಳಿದ್ದೀರಾ? ಬಂದ ಹುಡುಗನನ್ನು ಗದರಿಸಬೇಡಿ, ಅವನ ಕೈಯಲ್ಲಿ ಅಧಿಕಾರವಿಲ್ಲ. ಅವನ ಮುಂದೆಯೇ ಕಂಪನಿಗೆ ಫೋನು ಮಾಡಿ ಕೇಳಿ. ಉತ್ತರ ಸಿಗದಿದ್ದರೆ ಡಬ್ಬಿ ತೆರೆಯಬೇಡಿ ಎಂದು ಹೇಳಿ. ಹಾಗೆ ಹೇಳುವ ಹಕ್ಕು ಲೈಸೆನ್ಸು ಇರುವವರಿಗೆ ಮಾತ್ರವಲ್ಲ, ಆ ಮನೆಯ ಗಾಳಿ ಉಸಿರಾಡುವ ನಿಮಗೂ ಇದೆ.